ಎಕ್ಸೆಲ್ ಶೀಟಿನಲ್ಲಿ ಸಿಕ್ಕಾಪಟ್ಟೆ ಶಾಟ್ ಹೊಡೆಯುವವನೇ ಮೊದಲ ಸ್ಥಾನಕ್ಕೆ ಬರ್ತಾನೆ, ಸೂತ್ರದಲ್ಲಿ ಎಲ್ಲಿ ತಪ್ಪು?

ಸ್ಕೋರ್‌ಶೀಟ್:
ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳ ಲೆಕ್ಕ ಬರೆಯೋನು ನಾನು. ಆಲ್‌ರೌಂಡ್ ಆಟ ಯಾರದು ಅಂತ ನೋಡೋಕೆ ಒಂದು ಸೂತ್ರ ಹಾಕಿದ್ದೀನಿ: ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯೋದು), ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), ಸ್ಟೀಲ್ (ಚೆಂಡು ಕಸಿಯೋದು), ಬ್ಲಾಕ್ (ಶಾಟ್ ತಡೆಯೋದು) ಕೂಡಿಸಿ, ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ (ಫೌಲಿಗೆ ಸಿಗೋ ತಡೆಯಿಲ್ಲದ ಎಸೆತ), ಟರ್ನೋವರ್ (ಚೆಂಡು ಎದುರಾಳಿಗೆ ಕಳೆದುಕೊಳ್ಳೋದು) ಕಳೆಯೋದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 'ಎಫಿಶಿಯೆನ್ಸಿ' ಕೂಡ ಇದೇ ತಾನೇ? ಆದ್ರೆ ಚೆಂಡು ಕೈಗೆ ಬಂದ ತಕ್ಷಣ ಎಸೆದುಬಿಡೋ ಆಸಾಮಿಯೇ ಪ್ರತಿ ಸಲ ಮೊದಲು. ಅವನ ಜೊತೆ ಆಡಿದ ಯಾರೂ ಇದನ್ನ ಒಪ್ಪಲ್ಲ.

ಪರೀಕ್ಷೆಗೆ ಅಂತ ಎನ್‌ಬಿಎ ಆಟಗಾರರಾದ 1961–62ರ ಆಸ್ಕರ್ ರಾಬರ್ಟ್‌ಸನ್, 2016–17ರ ರಸೆಲ್ ವೆಸ್ಟ್‌ಬ್ರೂಕ್ ಇಬ್ಬರನ್ನೂ ಹಾಕಿ ನೋಡಿದೆ. ಇಬ್ಬರದೂ ಸರಾಸರಿ ಟ್ರಿಪಲ್ ಡಬಲ್, ಅಂದ್ರೆ ಪಂದ್ಯಕ್ಕೆ ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರೂ ಹತ್ತರ ಮೇಲೆ. ಆದ್ರೂ ರಾಬರ್ಟ್‌ಸನ್ ಆರೇಳು ಅಂಕ ಮುಂದೆ. ಯಾಕೆ?

ಅರ್ಧಗೆರೆ:
ಮೊದಲು ನಿಮ್ಮ ಆಸಾಮಿ ವಿಷಯ. ಎರಡು ಪಾಯಿಂಟಿನ ಶಾಟ್ ಬಿದ್ರೆ +2, ತಪ್ಪಿದ್ರೆ −1. ಅಂದ್ರೆ ಮೂರಕ್ಕೆ ಒಂದು ಬಿದ್ರೂ ನಷ್ಟ ಇಲ್ಲ! 20ರಲ್ಲಿ 8 ಹಾಕಿದವನಿಗೆ 16 − 12 = 4 ಅಂಕ ಲಾಭ. ತಂಡಕ್ಕೆ ಸಿಕ್ಕಿದ್ದು 20 ಶಾಟಿಗೆ ಬರೀ 16 ಪಾಯಿಂಟ್. ಮೂರು ಪಾಯಿಂಟಿನ ಗೆರೆಯಾಚೆ ಇನ್ನೂ ಅಗ್ಗ, ನಾಲ್ಕಕ್ಕೆ ಒಂದು ಸಾಕು.

ದಂಡ ಹಾಕಬೇಕಾದ್ದು ತಪ್ಪಿದ ಶಾಟಿಗಲ್ಲ, ಹೊಡೆದ ಪ್ರತಿ ಶಾಟಿಗೂ. ಶಾಟ್ + 0.44 × ಫ್ರೀ ಥ್ರೋ ಅಂತ ಅವನ ಒಟ್ಟು ಪ್ರಯತ್ನ ತೆಗೀರಿ. ಅಷ್ಟೇ ಪ್ರಯತ್ನದಲ್ಲಿ ಸರಾಸರಿ ಆಟಗಾರ ಎಷ್ಟು ಪಾಯಿಂಟ್ ತರ್ತಿದ್ದ ಅನ್ನೋದನ್ನ ಅವನ ಪಾಯಿಂಟಿನಿಂದ ಕಳೀರಿ. ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ ಎರಡೂ ಕಾಲಂ ಅಳಿಸಿಬಿಡಿ, ಇಲ್ಲದಿದ್ರೆ ಒಂದೇ ತಪ್ಪಿಗೆ ಎರಡು ಸಲ ದಂಡ.

ಹಳೇಚೆಂಡು:
ರಾಬರ್ಟ್‌ಸನ್ ಸಾಲಿನಲ್ಲಿ ಟರ್ನೋವರ್ ಕಾಲಂ ಖಾಲಿ ಇದೆಯಾ ನೋಡಿ. ಇದ್ದೇ ಇರುತ್ತೆ. ಎನ್‌ಬಿಎ ಆಟಗಾರರ ಟರ್ನೋವರ್ ಬರೆದಿಡೋಕೆ ಶುರು ಮಾಡಿದ್ದು 1977–78ರಲ್ಲಿ. ಖಾಲಿ ಕೋಶವನ್ನ ಎಕ್ಸೆಲ್ ಸೊನ್ನೆ ಅಂತ ಓದುತ್ತೆ. ವೆಸ್ಟ್‌ಬ್ರೂಕ್‌ಗೆ ಪಂದ್ಯಕ್ಕೆ 5.4 ಕಡಿತ, ರಾಬರ್ಟ್‌ಸನ್‌ಗೆ ಏನೂ ಇಲ್ಲ. ನಿಮ್ಮ ಆರೇಳರಲ್ಲಿ ಬಹುಪಾಲು ಅಲ್ಲೇ ಹೋಯ್ತು. ಸ್ಟೀಲ್, ಬ್ಲಾಕ್ 1973–74ರಿಂದ ಮಾತ್ರ, ಅದು ರಾಬರ್ಟ್‌ಸನ್‌ಗೆ ನಷ್ಟ.

ಇನ್ನೊಂದು, ನಿಮಿಷ. ರಾಬರ್ಟ್‌ಸನ್ ಪಂದ್ಯಕ್ಕೆ 44.3 ನಿಮಿಷ ಆಡಿದ್ರು, ವೆಸ್ಟ್‌ಬ್ರೂಕ್ 34.6. 36 ನಿಮಿಷಕ್ಕೆ ಇಳಿಸಿದ್ರೆ ರಾಬರ್ಟ್‌ಸನ್‌ರ 12.5 ರೀಬೌಂಡ್ ಸುಮಾರು 10.2 ಆಗುತ್ತೆ, 11.4 ಅಸಿಸ್ಟ್ 9.3. ಆ ಕಾಲದ ಆಟದ ವೇಗವೂ ಜಾಸ್ತಿ, ಹಾಗಾಗಿ 100 ಪೊಸೆಷನ್‌ಗೆ (ಚೆಂಡು ತಂಡದ ಕೈಯಲ್ಲಿರೋ ಒಂದೊಂದು ಸರದಿಗೆ ಪೊಸೆಷನ್ ಅಂತಾರೆ) ಲೆಕ್ಕ ಹಾಕೋದೇ ನ್ಯಾಯ. ಹಾಗಂತ ರಾಬರ್ಟ್‌ಸನ್ ಸಣ್ಣವರಾಗಲ್ಲ: ಶಾಟಿನಲ್ಲಿ ಅವರದು 47.8%, ವೆಸ್ಟ್‌ಬ್ರೂಕ್‌ರದು 42.5%.

ಸ್ಕೋರ್‌ಶೀಟ್:
ಖಾಲಿ ಕೋಶ! ಎರಡು ರಾತ್ರಿ ಸೂತ್ರವನ್ನೇ ಬೈದುಕೊಂಡು ಕೂತಿದ್ದೆ. ಶಾಟ್ ಲೆಕ್ಕ ಬದಲಿಸಿದ ಮೇಲೆ ನಮ್ಮ ಆಸಾಮಿ ನಾಲ್ಕನೇ ಸ್ಥಾನಕ್ಕೆ ಇಳಿದ. ಆದ್ರೆ ನಮ್ಮ ಒಳ್ಳೇ ಡಿಫೆಂಡರ್ ಇನ್ನೂ ಕೊನೆಯಲ್ಲೇ ಇದ್ದಾನೆ.

ಅರ್ಧಗೆರೆ:
ಅವನು ಯಾವ ಸೂತ್ರದಲ್ಲೂ ಮೇಲೆ ಬರಲ್ಲ. ಎದುರಾಳಿಗೆ ಶಾಟ್ ಹೊಡೆಯೋಕೇ ಬಿಡದವನ ಹೆಸರಲ್ಲಿ ಶೀಟಿನಲ್ಲಿ ಏನೂ ಬರೆಯಲ್ಲವಲ್ಲ. ಅವನು ಅಂಗಳದಲ್ಲಿದ್ದಾಗ ತಂಡದ ಅಂತರ ಎಷ್ಟು, ಬೆಂಚಿನಲ್ಲಿದ್ದಾಗ ಎಷ್ಟು ಅಂತ ಬೇರೆ ಕಾಲಂ ಬರೀರಿ. ಐದಾರು ಪಂದ್ಯದ ಪ್ಲಸ್-ಮೈನಸ್ (ಅಂದ್ರೆ ಅವನು ಆಡ್ತಿದ್ದಾಗಿನ ಈ ಅಂತರ) ಮಾತ್ರ ನಂಬಬೇಡಿ, ಜೊತೆಗಾರರ ಪುಣ್ಯ ಪಾಪ ಎಲ್ಲ ಅದರಲ್ಲೇ ಸೇರಿರುತ್ತೆ.

ಸ್ಕೋರ್‌ಶೀಟ್:
ಸರಿ. ಆ 0.44 ಎಲ್ಲಿಂದ ಬಂತು? ಎರಡು ಫ್ರೀ ಥ್ರೋಗೆ ಒಂದು ಪ್ರಯತ್ನ ಅಂದ್ರೆ 0.5 ಆಗಬೇಕಲ್ವಾ?

ಹಳೇಚೆಂಡು:
ಬುಟ್ಟಿ ಬಿದ್ದ ಮೇಲೆ ಸಿಗೋ ಒಂದು ಹೆಚ್ಚುವರಿ ಫ್ರೀ ಥ್ರೋ, ಟೆಕ್ನಿಕಲ್ ಫೌಲಿನದು, ಇವಕ್ಕೆ ಹೊಸ ಪೊಸೆಷನ್ ಖರ್ಚಾಗಲ್ಲ. ಅದಕ್ಕೇ ಕಮ್ಮಿ. ಅದು ಎನ್‌ಬಿಎ ಸರಾಸರಿ. ನೀವೇ ಕೈಯಾರೆ ಬರೆಯೋರು, ನಿಮ್ಮ ಪಂದ್ಯಗಳಲ್ಲಿ ಎಣಿಸಿ ಹಾಕಿ.