ಅಪ್‌ಡೇಟ್: ರಾತ್ರಿ ಪಾಳಿ, ಹೊಟ್ಟೆ ಬೊಜ್ಜು ಮತ್ತು ಕಾರ್ಟಿಸಾಲ್ ಪರೀಕ್ಷೆ

ಕೇಳಿದ್ದು ಇಷ್ಟು: ಹುಬ್ಬಳ್ಳಿ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಹೊಟ್ಟೆ ಸುತ್ತ ಬೊಜ್ಜು ಬಂದರೆ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ರಕ್ತಪರೀಕ್ಷೆ ಬೇಕೇ?

ಬಂದ ಉತ್ತರಗಳ ಸಾರ: ಬಹುತೇಕರಿಗೆ ಬೇಡ. ಕಾರ್ಟಿಸಾಲ್ ಬೆಳಿಗ್ಗೆ ಏರಿ ನಡುರಾತ್ರಿ ತಳ ಮುಟ್ಟುತ್ತದೆ, ಹಾಗಾಗಿ ಬೆಳಗಿನ ಒಂದೇ ಸ್ಯಾಂಪಲ್ಲಿನಿಂದ ಅದು ಅತಿಯಾಗಿದೆಯೇ ಎಂದು ತಿಳಿಯದು. ಅಗಲ ನೇರಳೆ ಗೆರೆಗಳು, ತೊಡೆ-ಭುಜದ ಶಕ್ತಿ ಕುಗ್ಗುವುದು, ಮುಟ್ಟಿದರೆ ಕಂದುವ ಚರ್ಮ ಇದ್ದರೆ ಮಾತ್ರ ಕುಶಿಂಗ್ಸ್ (ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವ ಕಾಯಿಲೆ) ಅನುಮಾನ. ಆಗ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ (ಕಾರ್ಟಿಸಾಲ್ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ), ಬೆಳಿಗ್ಗೆ 8ಕ್ಕೆ ರಕ್ತ, ಅದರಲ್ಲಿ ಕಾರ್ಟಿಸಾಲ್ 1.8 ಮೈಕ್ರೋಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿದ್ದರೆ ಸರಿ. ನಡುರಾತ್ರಿಯ ಜೊಲ್ಲಿನ ಪರೀಕ್ಷೆ ಪಾಳಿಯವರಿಗೆ ನೆಚ್ಚುವಂಥದ್ದಲ್ಲ. ಮೊಣಕಾಲು ನೋವಿಗೆ ತಗೊಂಡ ಸ್ಟೀರಾಯ್ಡ್ ಸೂಜಿ, ಮಾತ್ರೆಯ ಸುದ್ದಿಯನ್ನು ವೈದ್ಯರಿಗೆ ಮೊದಲೇ ಹೇಳಿ, ಅವೂ ಇಂಥದೇ ಲಕ್ಷಣ ತರಬಲ್ಲವು. ಇದನ್ನೇ ಎಲ್ಲರೂ ಮರೆಯುವುದು.

ನಿಜವಾದ ಕಳ್ಳ ನಿದ್ದೆಗೇಡು. 2004ರ ಷಿಕಾಗೋ ಅಧ್ಯಯನದಲ್ಲಿ 12 ಯುವಕರು ಎರಡು ರಾತ್ರಿ 4 ಗಂಟೆಯಷ್ಟೇ ಮಲಗಿದಾಗ ಹೊಟ್ಟೆ ತುಂಬಿತೆನಿಸುವ ಹಾರ್ಮೋನು ಲೆಪ್ಟಿನ್ ಶೇ 18 ಇಳಿದು, ಹಸಿವೆಯ ಹಾರ್ಮೋನು ಗ್ರೆಲಿನ್ ಶೇ 28 ಏರಿತು. ಸಣ್ಣ ಅಧ್ಯಯನ, ನಿಜ. ಆದರೂ ಪಾಳಿ ನಡುವೆ ಮಿರ್ಚಿ-ಗಿರ್ಮಿಟ್ ಯಾಕೆ ಕರೆಯುತ್ತದೆ ಎಂಬುದಕ್ಕೆ ಸುಳಿವು ಸಿಗುತ್ತದೆ.

ಮಲಗುವ 6 ಗಂಟೆ ಮೊದಲೇ ಚಹಾ ನಿಲ್ಲಿಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಜೋರು ಗೊರಕೆ, ಹಗಲು ತೂಕಡಿಕೆ ಎರಡೂ ಇದ್ದರೆ ಕಾರ್ಟಿಸಾಲ್ ಬದಲು ನಿದ್ರಾ ಉಸಿರುಕಟ್ಟಿನ ಪರೀಕ್ಷೆಗೆ ಹಣ ಹಾಕಿ.