ಸಹಾಯ ಬೇಕು: ಮಕ್ಕಳಿಗೆ ವರದಿ ಬರೆಯಲು ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮ ಮಕ್ಕಳು ನಡೆಸುವ ಗೋಡೆಪತ್ರಿಕೆಯಲ್ಲಿ ಇದುವರೆಗೆ ಸುಭಾಷಿತ, ಒಗಟು, ಚಿತ್ರಗಳೇ ಹೆಚ್ಚು. ಈ ವರ್ಷ ಅವರು ಸುದ್ದಿ ಬರೆಯಲು ಹೊರಟಿದ್ದಾರೆ.

ತಾಲ್ಲೂಕು ಮಟ್ಟದ ಖೊಖೊ ಪಂದ್ಯಕ್ಕೆ ನಮ್ಮ ಹುರಿದುಂಬಿಸುವ ತಂಡ ತಮಟೆ ಹಿಡಿದು ಹೋಗಿತ್ತು. ಆ ತಂಡದಲ್ಲಿದ್ದ ಒಂಬತ್ತನೇ ತರಗತಿಯ ಹುಡುಗಿಯೇ ವರದಿಯನ್ನೂ ಬರೆದಳು. ‘ನಮ್ಮವರು ವೀರಾವೇಶದಿಂದ ಆಡಿದರು’ ಎಂದು ಪುಟ ತುಂಬಿದೆ. ಅಂಕ ಎಷ್ಟು, ಗೆದ್ದವರು ಯಾರು ಎಂಬುದಿಲ್ಲ. ಅವಳ ಉತ್ಸಾಹ ಕುಂದಬಾರದು, ಆದರೆ ಎದುರಾಳಿ ತಂಡದ ನಾಯಕಿಯನ್ನೂ ಮಾತನಾಡಿಸಬೇಕೆಂದು ಅನುಭವಸ್ಥರೇ ತೋರಿಸಿಕೊಟ್ಟರೆ ಚೆನ್ನ. ಇನ್ನೊಬ್ಬ ಹುಡುಗ ಬಿಸಿಯೂಟದ ಅಡುಗೆಯವರನ್ನು ಸಂದರ್ಶಿಸಿ, ಬೇಳೆ ಎಷ್ಟು ಹೊತ್ತಿಗೆ ಒಲೆಗೇರುತ್ತದೆ ಎಂಬುದರಿಂದಲೇ ಆರಂಭಿಸಿದ್ದಾನೆ. ಓದಿ ನಿಜಕ್ಕೂ ಹೆಮ್ಮೆಯಾಯಿತು.

ಕೋಲಾರ, ಮುಳಬಾಗಿಲು ಕಡೆಯ ಪತ್ರಕರ್ತರು ಅಥವಾ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಒಂದು ಶನಿವಾರ ಬೆಳಿಗ್ಗೆ ಬರಲು ಸಾಧ್ಯವೇ? ಪ್ರಶ್ನೆ ಕೇಳುವುದು, ಉತ್ತರವನ್ನು ಇದ್ದ ಹಾಗೆ ಬರೆದುಕೊಳ್ಳುವುದು, ತಲೆಬರಹ ಕೊಡುವುದು, ಇಷ್ಟು ಕಲಿಸಿದರೆ ಸಾಕು. ಬಸ್ ಖರ್ಚು, ಊಟ ನಮ್ಮದು.

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂದ ನೆನಪಿಗೆ ಆಚರಿಸುವ ಪತ್ರಿಕಾ ದಿನಕ್ಕೆ, ಮುಂದಿನ ವರ್ಷ ನಾಲ್ಕು ಪುಟಗಳ ಮುದ್ರಿತ ಸಂಚಿಕೆ ತರುವಾಸೆ. ಪತ್ರಕರ್ತರೂ ಆಗಿದ್ದ ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲೇ, ಒಂದು ಪುಟ ಅವರಿಗೆಂದು ಮಕ್ಕಳೇ ತೀರ್ಮಾನಿಸಿದ್ದಾರೆ. ಕಡಿಮೆ ದರದಲ್ಲಿ ಅಚ್ಚು ಹಾಕಿಕೊಡುವ ಮುದ್ರಣಾಲಯ ಗೊತ್ತಿದ್ದರೂ ದಯವಿಟ್ಟು ತಿಳಿಸಿ.