ಪ್ಲೇಟ್ ತುಂಬಾ ಕಾಲೊನಿ ಬಂದಿವೆ, ಒಂದೂ ಹಸಿರಾಗಿ ಹೊಳೆಯುತ್ತಿಲ್ಲ. ಜಿಎಫ್‌ಪಿ ಮಾಡಿದವರು ಯಾರಾದರೂ ಇದ್ದೀರಾ?

ಸಹನಾ_ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಜೆಲ್ಲಿಫಿಶ್‌ನ ಹಸಿರು ಪ್ರೋಟೀನ್ ತೆಗೆದುಕೊಂಡಿದ್ದೇನೆ, ಅಂದರೆ ಜಿಎಫ್‌ಪಿ. ಅದರ ಜೀನ್ ಇರುವ ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಉಂಗುರ) ನಮ್ಮ ಗೈಡ್‌ಗೆ ಬೇರೆ ಲ್ಯಾಬಿನವರು ಕೊಟ್ಟಿದ್ದು. ಜೀನನ್ನು ಹೊತ್ತೊಯ್ಯುವ ವೆಕ್ಟರ್ ಪಿಇಟಿ-28, ಟ್ಯೂಬ್ ಮೇಲೆ ಸುಮ್ನೆ ಜಿಎಫ್‌ಪಿ ಎಂದಷ್ಟೇ ಬರೆದಿದೆ. ಪ್ಲಾಸ್ಮಿಡ್ ಒಳಗೆ ಹೋಗಲೆಂದು ಇ. ಕೋಲೈ ಬ್ಯಾಕ್ಟೀರಿಯಾಗೆ 42 ಡಿಗ್ರಿಯಲ್ಲಿ 45 ಸೆಕೆಂಡ್ ಹೀಟ್ ಶಾಕ್ ಕೊಟ್ಟು, ಕನಮೈಸಿನ್ ಆಂಟಿಬಯೋಟಿಕ್ ಮತ್ತು ಜೀನನ್ನು ಚಾಲೂ ಮಾಡುವ ಐಪಿಟಿಜಿ ಹಾಕಿದ ಪ್ಲೇಟಿಗೆ ಹರಡಿದೆ. ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ನೂರಕ್ಕೂ ಜಾಸ್ತಿ ಕಾಲೊನಿ, ಅಷ್ಟು ಖುಷಿಯಾಗಿತ್ತು! ಯುವಿ ಕೆಳಗೆ ಇಟ್ಟರೆ ಬರೀ ಮಂಕು ಬಿಳಿ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ಪ್ಲಾಸ್ಮಿಡ್ ಹಾಕದ ಕಂಟ್ರೋಲ್ ಪ್ಲೇಟಿನಲ್ಲಿ ಏನೂ ಬೆಳೆದಿಲ್ಲ, ಹಾಗಾಗಿ ಪ್ಲಾಸ್ಮಿಡ್ ಒಳಗೆ ಹೋಗಿರುವುದು ಖಂಡಿತ. ಇನ್ನು ಮೂರು ವಾರದಲ್ಲಿ ರಿಪೋರ್ಟ್ ಕೊಡಬೇಕು. ಎಲ್ಲಿ ತಪ್ಪುತ್ತಿದ್ದೇನೆ?

ರಘು ಬಿ

ಸಹನಾ ಅವರೇ, ಒಂದೇ ಪ್ರಶ್ನೆ. ಯಾವ ಇ. ಕೋಲೈ ತಳಿ? ಡಿಎಚ್5-ಆಲ್ಫಾನಾ, ಬಿಎಲ್21-ಡಿಇ3ನಾ?

ಸಹನಾ_ಹಾಸನ

ಡಿಎಚ್5-ಆಲ್ಫಾ ಸರ್. ನಮ್ಮ ಫ್ರೀಜರ್‌ನಲ್ಲಿ ಇರುವುದು ಅದೊಂದೇ.

ರಘು ಬಿ

ಹಾಗಿದ್ದರೆ ಕಾರಣ ಅದೇ. ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಟ್ರಾನ್ಸ್‌ಫಾರ್ಮೇಶನ್, ಅಂದರೆ ಪ್ಲಾಸ್ಮಿಡ್ ಒಳಗೆ ಹೋಗುವುದು, ಚೆನ್ನಾಗೇ ಆಗಿದೆ.

ಪಿಇಟಿ ವೆಕ್ಟರಿನಲ್ಲಿ ನಿಮ್ಮ ಜೀನ್‌ನ ಮುಂದೆ ಟಿ7 ಪ್ರೊಮೋಟರ್, ಅಂದರೆ ಜೀನ್ ಓದುವುದು ಶುರುವಾಗುವ ಜಾಗ, ಇರುತ್ತದೆ. ಅದು ಟಿ7 ಎಂಬ ವೈರಸ್ಸಿನದು. ಜೀನ್ ಓದುವ ಎಂಜೈಮ್ ಅಂದರೆ ಆರ್‌ಎನ್‌ಎ ಪಾಲಿಮರೇಸ್. ಇ. ಕೋಲೈನ ಸ್ವಂತ ಪಾಲಿಮರೇಸ್‌ಗೆ ಆ ಪ್ರೊಮೋಟರ್ ಗುರುತೇ ಸಿಗುವುದಿಲ್ಲ, ಅದನ್ನು ಓದಲು ಟಿ7 ವೈರಸ್ಸಿನ ಪಾಲಿಮರೇಸೇ ಬೇಕು. ಡಿಎಚ್5-ಆಲ್ಫಾದಲ್ಲಿ ಅದಿಲ್ಲ. ಬಿಎಲ್21-ಡಿಇ3ಯಲ್ಲಿ ಇದೆ, ಡಿಇ3 ಅನ್ನುವುದು ಅದನ್ನೇ ಹೇಳುವುದು. ಆ ಪಾಲಿಮರೇಸ್‌ನ ಜೀನನ್ನು ಅದರ ಕ್ರೋಮೋಸೋಮಿನಲ್ಲೇ ಕೂರಿಸಿದ್ದಾರೆ. ಐಪಿಟಿಜಿ ಹಾಕಿದಾಗ ಮೊದಲು ಪಾಲಿಮರೇಸ್ ತಯಾರಾಗುತ್ತದೆ, ಅದು ಹೋಗಿ ಜಿಎಫ್‌ಪಿಯನ್ನು ಓದುತ್ತದೆ. ನಿಮ್ಮ ಪ್ಲೇಟಿನಲ್ಲಿ ಐಪಿಟಿಜಿ ಇದ್ದರೂ ಅದಕ್ಕೆ ಎಬ್ಬಿಸಲು ಯಾರೂ ಇಲ್ಲ.

ಹಾಗಾದರೆ ಕಾಲೊನಿ ಹೇಗೆ ಬಂತು ಅಂತ ಕೇಳಬಹುದು. ಕನಮೈಸಿನ್ ತಡೆಯುವ ಜೀನಿಗೆ ಬೇರೆಯದೇ ಪ್ರೊಮೋಟರ್ ಇದೆ, ಅದನ್ನು ಇ. ಕೋಲೈ ತಾನೇ ಓದಿಕೊಳ್ಳುತ್ತದೆ. ಅದಕ್ಕೇ ಬದುಕಿವೆ, ಹೊಳೆಯುತ್ತಿಲ್ಲ.

ಈಗಿನ ಕಾಲೊನಿಗಳನ್ನು ದಯವಿಟ್ಟು ಎಸೆಯಬೇಡಿ. ಪ್ಲಾಸ್ಮಿಡ್ ಬೆಳೆಸಲು ಡಿಎಚ್5-ಆಲ್ಫಾಗಿಂತ ಒಳ್ಳೆಯದು ಬೇಡ. ಎರಡು ಕಾಲೊನಿ ತೆಗೆದು ಮಿನಿಪ್ರೆಪ್ ಮಾಡಿ ಪ್ಲಾಸ್ಮಿಡ್ ಹೊರತೆಗೆಯಿರಿ, ಅದನ್ನು ಬಿಎಲ್21-ಡಿಇ3ಗೆ ಹಾಕಿ. ಪಕ್ಕದ ಯಾವುದಾದರೂ ಲ್ಯಾಬಿನಲ್ಲಿ ಅದರ ಗ್ಲಿಸರಾಲ್ ಸ್ಟಾಕ್ (ಫ್ರೀಜರ್‌ನಲ್ಲಿ ಕಾಪಿಟ್ಟ ಬ್ಯಾಕ್ಟೀರಿಯಾ) ಸಿಕ್ಕೇ ಸಿಗುತ್ತದೆ, ಕೇಳುವುದಕ್ಕೆ ಸಂಕೋಚ ಬೇಡ.

ನಂದಿನಿ ಎಂ

ರಘು ಸರ್ ಹೇಳಿದ್ದು ಸರಿ. ನಾನು ಇದನ್ನೇ ನಾಲ್ಕು ವರ್ಷ ಮಾಡಿದವಳು, ಅದಕ್ಕೇ ಇನ್ನೆರಡು ಮಾತು ಸೇರಿಸುತ್ತೇನೆ. ತಳಿ ಬದಲಾಯಿಸಿದ ಮೇಲೂ ಮಂಕಾಗಿಯೇ ಬಂದರೆ ಗಾಬರಿಯಾಗಬೇಡ ಸಹನಾ.

ಮೊದಲು ಉಷ್ಣತೆ. ಈ ಪ್ರೋಟೀನ್ ಹುಟ್ಟಿದ್ದು ಉತ್ತರ ಪೆಸಿಫಿಕ್‌ನ ತಣ್ಣೀರಿನ ಜೆಲ್ಲಿಫಿಶ್‌ನಲ್ಲಿ, ಅದರ ಹೆಸರು ಇಕ್ವೋರಿಯಾ ವಿಕ್ಟೋರಿಯಾ. ತಿದ್ದದ ಮೂಲ ಜಿಎಫ್‌ಪಿ ಆಗಿದ್ದರೆ 37 ಡಿಗ್ರಿಯಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಬಹಳಷ್ಟು ಕೋಶದೊಳಗೇ ಗಂಟಾಗಿ ಉಳಿಯುತ್ತದೆ. ಕಾಲೊನಿ ಬಂದ ಮೇಲೆ ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ಹೊರಗೆ ತೆಗೆದು ಬೆಂಚಿನ ಮೇಲೇ ಒಂದು ರಾತ್ರಿ ಬಿಡು. ಹಾಸನದ ಮಳೆಗಾಲ ಅಲ್ವಾ, ರೂಮೇ 25 ಡಿಗ್ರಿಯ ಆಸುಪಾಸು ಇರುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಕೂತು ನಾನು ಇದಕ್ಕಾಗಿ ಎಷ್ಟು ಒದ್ದಾಡಿದ್ದೇನೆ ಗೊತ್ತಾ!

ಆಮೇಲೆ ಗಾಳಿ. ಜಿಎಫ್‌ಪಿಯ ಸೊಗಸು ಇರುವುದೇ ಇಲ್ಲಿ. 238 ಅಮೈನೋ ಆಸಿಡ್‌ಗಳ ಸರ, ಅದು ಹನ್ನೊಂದು ಪಟ್ಟಿಗಳ ಪೀಪಾಯಿಯಂತೆ ಸುತ್ತಿಕೊಳ್ಳುತ್ತದೆ. ಪೀಪಾಯಿಯ ಒಳಗೆ 65, 66, 67ನೇ ಜಾಗದಲ್ಲಿರುವ ಸೀರಿನ್, ಟೈರೋಸಿನ್, ಗ್ಲೈಸಿನ್ ಮೂರೂ ತಾವೇ ಬೆಸೆದುಕೊಂಡು ಬಣ್ಣದ ಭಾಗವಾಗುತ್ತವೆ. ಹೊರಗಿನ ಎಂಜೈಮ್ ಬೇಡ, ಜೆಲ್ಲಿಫಿಶ್‌ನ ಬೇರೆ ಯಾವ ವಸ್ತುವೂ ಬೇಡ, ಆಕ್ಸಿಜನ್ ಒಂದಿದ್ದರೆ ಸಾಕು. ಅದಕ್ಕೇ ಬ್ಯಾಕ್ಟೀರಿಯಾದಲ್ಲೂ ಕೆಲಸ ಮಾಡುತ್ತದೆ. ಆದರೆ ಪ್ಯಾರಾಫಿಲ್ಮ್ ಎಂಬ ಮೇಣದ ಹಾಳೆ ಬಿಗಿಯಾಗಿ ಸುತ್ತಿ ಪ್ಲೇಟ್ ಮೇಲೆ ಪ್ಲೇಟ್ ಪೇರಿಸಿದರೆ ಆಕ್ಸಿಜನ್ ಸಾಲದು. ಬ್ರಾತ್‌ನಲ್ಲಿ, ಅಂದರೆ ದ್ರವದಲ್ಲಿ, ಬೆಳೆಸುವುದಾದರೆ ಫ್ಲಾಸ್ಕಿನ ಐದನೇ ಒಂದು ಭಾಗ ಮಾತ್ರ ತುಂಬಿಸಿ ಶೇಕರ್‌ನಲ್ಲಿಡು. ಬಣ್ಣ ಕಟ್ಟಲು ಹೊತ್ತು ಹಿಡಿಯುತ್ತದೆ, ಪ್ರೋಟೀನ್ ಆದ ಕೂಡಲೇ ಹೊಳೆಯುವುದಿಲ್ಲ.

ಪ್ಲಾಸ್ಮಿಡ್ ಇಲ್ಲದ ಬಿಎಲ್21 ಕಾಲೊನಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡು. ಬ್ಯಾಕ್ಟೀರಿಯಾ ಬೆಳೆಸುವ ಎಲ್‌ಬಿ ಮೀಡಿಯಾ ತಾನೇ ಸ್ವಲ್ಪ ಹೊಳೆಯುತ್ತದೆ, ಅದನ್ನೇ ಜಿಎಫ್‌ಪಿ ಅಂದುಕೊಂಡವರಿದ್ದಾರೆ. ಮತ್ತೆ ಯುವಿ ನೋಡುವಾಗ ಮುಖಕ್ಕೆ ಶೀಲ್ಡ್ ಹಾಕಿಕೋ, ಬರಿಗಣ್ಣಲ್ಲಿ ನೋಡಲೇಬೇಡ.

ಮೂಡಿಗೆರೆ ತೋಟದವ

ನಾನು ವಿಜ್ಞಾನ ಓದಿದವನಲ್ಲ, ಕಾಫಿ ತೋಟ ನೋಡಿಕೊಂಡಿರುವವನು. ಆದರೂ ಕೇಳುತ್ತೇನೆ. ಮುಂಗಾರಿಗೆ ಮುಂಚೆ ನಮ್ಮ ತೋಟದಲ್ಲಿ ಮಿಂಚುಹುಳ ಮರಕ್ಕೆ ಮರವೇ ಹತ್ತಿಕೊಂಡಂತೆ ಮಿನುಗುತ್ತವೆ. ಒಮ್ಮೆ ಚಾರ್ಮಾಡಿ ಇಳಿದು ಮಲ್ಪೆಗೆ ಹೋದಾಗ ರಾತ್ರಿ ಅಲೆಯಲ್ಲಿ ನೀಲಿ ಬೆಳಕು ನೋಡಿದ್ದೆ, ಕಾಲಿಟ್ಟಲ್ಲೆಲ್ಲ ಹೊಳೆಯುತ್ತಿತ್ತು. ಇವೆಲ್ಲ ಒಂದೇ ಪ್ರೋಟೀನೇ?

ನಂದಿನಿ ಎಂ

ಅಲ್ಲಣ್ಣ, ಬೇರೆ. ಒಳ್ಳೆಯ ಪ್ರಶ್ನೆ ಕೇಳಿದಿರಿ.

ಮಿಂಚುಹುಳ ತನ್ನ ಬೆಳಕನ್ನು ತಾನೇ ಮಾಡುತ್ತದೆ. ಲೂಸಿಫೆರಿನ್ ಎಂಬ ವಸ್ತು, ಅದನ್ನು ಸುಡುವ ಲೂಸಿಫೆರೇಸ್ ಎಂಬ ಎಂಜೈಮ್, ಜೊತೆಗೆ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಮತ್ತು ಆಕ್ಸಿಜನ್. ಸುಡುತ್ತದೆ ಅಂದರೂ ಶಾಖ ಇಲ್ಲವೇ ಇಲ್ಲ ಅನ್ನಬಹುದು. ಮಲ್ಪೆಯಲ್ಲಿ ನೀವು ನೋಡಿದ್ದು ಹೆಚ್ಚಾಗಿ ನಾಕ್ಟಿಲ್ಯೂಕಾ, ಒಂದೇ ಕೋಶದ ಜೀವಿ. ನೀರು ಅಲುಗಿದರೆ ಅದೂ ತಾನೇ ಮಿಂಚುತ್ತದೆ, ಆದರೆ ಅದರ ಲೂಸಿಫೆರಿನ್ ಬೇರೆ ಜಾತಿಯದು.

ಜಿಎಫ್‌ಪಿ ತಾನಾಗಿ ಬೆಳಗುವುದಿಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನೇರಳೆ ಲೈಟ್ ಹಾಕಿದಾಗ ಬಿಳಿ ಶರ್ಟು ಹೊಳೆಯುತ್ತದಲ್ಲ, ಹಾಗೆ. ನೇರಳೆ ಇಲ್ಲವೇ ನೀಲಿ ಬೆಳಕನ್ನು ನುಂಗಿ ಹಸಿರನ್ನು ಬಿಡುತ್ತದೆ. ಜೆಲ್ಲಿಫಿಶ್‌ನಲ್ಲಿ ಆ ನೀಲಿ ಕೊಡುವುದು ಇಕ್ವೋರಿನ್ ಎಂಬ ಇನ್ನೊಂದು ಪ್ರೋಟೀನ್.

ಅದನ್ನು ಕಂಡುಹಿಡಿದ ಕಥೆ ಹೇಳದೆ ಇರಲಾರೆ. 1961ರ ಬೇಸಿಗೆ, ಅಮೆರಿಕದ ಫ್ರೈಡೇ ಹಾರ್ಬರ್. ಜಪಾನಿನ ಒಸಾಮು ಶಿಮೊಮುರಾ ಜೆಲ್ಲಿಫಿಶ್‌ಗಳ ಕೊಡೆಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಿದ್ದರು. ರಸ ತೆಗೆಯುವಷ್ಟರಲ್ಲಿ ಬೆಳಕೆಲ್ಲ ಮುಗಿದುಹೋಗುತ್ತಿತ್ತು. ಕೊನೆಗೆ ಆಸಿಡ್ ಸೇರಿಸಿದರೆ ಬೆಳಕು ತಡೆದು ನಿಲ್ಲುತ್ತದೆ ಅಂತ ಗೊತ್ತಾಯಿತು. ಕೆಲಸ ಮುಗಿಸಿ ಉಳಿದ ರಸವನ್ನು ಸಿಂಕಿಗೆ ಸುರಿದರೆ ಸಿಂಕೆಲ್ಲ ಝಗ್ ಎಂದು ನೀಲಿಯಾಯಿತು. ಅಕ್ವೇರಿಯಂನ ಸಮುದ್ರದ ನೀರು ಅಲ್ಲಿಗೇ ಹರಿದು ಬರುತ್ತಿತ್ತು. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಬೆಳಕನ್ನು ಎಬ್ಬಿಸಿತ್ತು! ಆ ಬೇಸಿಗೆಯಲ್ಲಿ ಸುಮಾರು 10,000 ಜೆಲ್ಲಿಫಿಶ್ ಹಿಡಿದು ಅವರಿಗೆ ಸಿಕ್ಕ ಶುದ್ಧ ಇಕ್ವೋರಿನ್ ಬರೀ 5 ಮಿಲಿಗ್ರಾಂ. ಹಸಿರು ಪ್ರೋಟೀನ್ ಅದರ ಜೊತೆಗೇ ಸಿಕ್ಕಿದ್ದು.

ರಘು ಬಿ

ನಂದಿನಿ ಮೇಡಂ, ಡಗ್ಲಸ್ ಪ್ರಾಶರ್ ಹೆಸರನ್ನೂ ಇಲ್ಲಿ ಹೇಳಬೇಕು. 1992ರಲ್ಲಿ ಜಿಎಫ್‌ಪಿಯ ಜೀನನ್ನು ಕ್ಲೋನ್ ಮಾಡಿದವರು ಅವರು. ಸಂಶೋಧನೆಗೆ ಹಣ ಸಿಗದೆ ಕೆಲಸ ನಿಲ್ಲಿಸಬೇಕಾಯಿತು, ಆಗ ಆ ಜೀನನ್ನು ಕೇಳಿದವರಿಗೆ ಕಳಿಸಿಕೊಟ್ಟರು. ಮಾರ್ಟಿನ್ ಚಾಲ್ಫಿ ಅದನ್ನು ಇ. ಕೋಲೈಗೂ ಒಂದು ಪುಟ್ಟ ಹುಳುವಿಗೂ ಹಾಕಿ 1994ರಲ್ಲಿ ಹೊಳೆಯಿಸಿ ತೋರಿಸಿದರು. ರೋಜರ್ ಸಿಯೆನ್ ಅದನ್ನು ತಿದ್ದಿ ಜಾಸ್ತಿ ಹೊಳೆಯುವಂತೆ ಮಾಡಿದರು, ಬೇರೆ ಬೇರೆ ಬಣ್ಣಗಳನ್ನೂ ತಂದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಸಿಯೆನ್ ಮೂವರಿಗೆ ನೊಬೆಲ್ ಬಂದಾಗ ಪ್ರಾಶರ್ ಅಲಬಾಮಾದಲ್ಲಿ ಒಂದು ಕಾರು ಮಳಿಗೆಯ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ, ಸಿಯೆನ್ ಇಬ್ಬರೂ ಅವರನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಸಹನಾ ಈಗ ಕೈಯಲ್ಲಿ ಹಿಡಿದಿರುವ ಟ್ಯೂಬಿನ ಮೂಲ ಹುಡುಕುತ್ತಾ ಹೋದರೆ ಅವರ ಬೆಂಚಿಗೇ ಹೋಗಿ ಮುಟ್ಟುತ್ತದೆ. ನನಗೆ ಇದನ್ನು ನೆನೆಸಿಕೊಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಹನಾ_ಹಾಸನ

ಹತ್ತು ದಿನದ ಮೇಲೆ ಬಂದಿದ್ದೇನೆ, ಕ್ಷಮಿಸಿ. ಬಂತು!! ಬಂತು!!

ಸೀನಿಯರ್ ಅಕ್ಕ ಒಬ್ಬರು ಬಿಎಲ್21-ಡಿಇ3 ಸ್ಟಾಕ್ ಕೊಟ್ಟರು. ರಘು ಸರ್ ಹೇಳಿದಂತೆ ಮಿನಿಪ್ರೆಪ್ ಮಾಡಿ ಹಾಕಿದೆ. ಮೊದಲ ಬೆಳಿಗ್ಗೆ ಯುವಿಯಲ್ಲಿ ಮಸುಕು ಹಸಿರು, ಇದೆಯೋ ಇಲ್ಲವೋ ಅನ್ನುವಷ್ಟು. ನಂದಿನಿ ಅಕ್ಕನ ಮಾತು ನೆನಪಾಗಿ ಪ್ಯಾರಾಫಿಲ್ಮ್ ತೆಗೆದು ಬೆಂಚಿನ ಮೇಲೆ ಬಿಟ್ಟು ಹೋದೆ. ಮಾರನೆಯ ದಿನ ಟ್ಯೂಬ್‌ಲೈಟಿನಲ್ಲೇ ಕಾಲೊನಿಗಳು ಎಳೆ ನಿಂಬೆಕಾಯಿ ಬಣ್ಣಕ್ಕೆ ತಿರುಗಿದ್ದವು. ಯುವಿ ಹಾಕಿದಾಗ ರೂಮಿನಲ್ಲಿದ್ದ ಐದು ಜನರೂ ಒಟ್ಟಿಗೆ ಕೂಗಿಬಿಟ್ಟೆವು. ಪಕ್ಕದ ಪ್ಲಾಸ್ಮಿಡ್ ಇಲ್ಲದ ಪ್ಲೇಟ್ ಕಪ್ಪಗೆ ಕೂತಿತ್ತು.

ಇನ್ನು ಪ್ರೋಟೀನ್ ಶುದ್ಧ ಮಾಡಬೇಕು, ಅದಕ್ಕೆ ನಿಕ್ಕೆಲ್‌ಗೆ ಅಂಟಿಕೊಳ್ಳುವ ಹಿಸ್ ಟ್ಯಾಗ್ ಇದೆ, ನಿಕ್ಕೆಲ್ ಕಾಲಮ್ ಸಿಕ್ಕಿದೆ.

ಮೂಡಿಗೆರೆ ತೋಟದವ

ತುಂಬಾ ಸಂತೋಷ ಆಯಿತು ತಂಗಿ. ನನ್ನ ಮಗಳು ಎಂಟನೇ ಕ್ಲಾಸು, ಇದನ್ನೆಲ್ಲ ಓದಿ ಹೇಳಿದೆ. ಹಾಸನಕ್ಕೆ ಬಂದರೆ ಒಂದು ಪ್ಲೇಟ್ ಕೊಡುತ್ತಾರಾ ಕೇಳು ಅಂತಿದ್ದಾಳೆ.

ಸಹನಾ_ಹಾಸನ

ಅಯ್ಯೋ ಅಣ್ಣ, ಪ್ಲೇಟನ್ನು ಲ್ಯಾಬಿನಿಂದ ಹೊರಗೆ ತರುವ ಹಾಗಿಲ್ಲ. ಜೀನ್ ಬದಲಿಸಿದ ಬ್ಯಾಕ್ಟೀರಿಯಾ, ಕನಮೈಸಿನ್‌ಗೂ ಬಗ್ಗದ್ದು. ಕೆಲಸ ಮುಗಿದ ಮೇಲೆ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಕೊಂದೇ ಎಸೆಯಬೇಕು. ಆದರೆ ಗೈಡ್ ಹತ್ತಿರ ಕೇಳಿದೆ, ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಬಂದರೆ ಅಲ್ಲೇ ತೋರಿಸಬಹುದು ಅಂದಿದ್ದಾರೆ. ಬನ್ನಿ, ಅವಳ ಅಳತೆಗೆ ಆಗುವ ಶೀಲ್ಡ್ ಒಂದು ಹುಡುಕಿಟ್ಟಿರುತ್ತೇನೆ.